ನೆಲಮಾಳಿಗೆಯಲ್ಲಿ ಬೆಣ್ಣೆ ವಾಸನೆ

ಜರ್ಮನಿಗೆ ಹೋಗಿ ಬಂದ ಮೇಲೆ ನಮ್ಮೂರಿನವರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಮೊದಲನೆಯದು, ಅಲ್ಲಿ ಊಟಕ್ಕೆ ಏನು ಮಾಡಿದೆ? ಎರಡನೆಯದನ್ನು ಕೇಳುವಾಗ ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ: ಬೀರು ಕುಡಿದೆಯಾ? ನಮ್ಮ ಕೊಳ್ಳೇಗಾಲ ಮದರಾಸು ರಾಜ್ಯಕ್ಕೆ ಸೇರಿದ್ದು, ಮದರಾಸಿನಲ್ಲಿ ಪಾನನಿಷೇಧ ಜಾರಿಯಲ್ಲಿದೆ. ಹಾಗಾಗಿ ಬೀರಿನ ಹೆಸರೆತ್ತುವುದಕ್ಕೂ ಜನಕ್ಕೆ ಅಳುಕು. ಅಳುಕಬೇಡಿ, ಕುಡಿದೆ. ಅಮಲಿಗಾಗಿ ಕುಡಿಯಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ಕೊಳ್ಳೇಗಾಲ

ನಮ್ಮದು ರೇಷ್ಮೆ ನೂಲು ಹುರಿ ಮಾಡುವ ಮನೆ. ಅಣ್ಣ ಧೈರ್ಯ ಮಾಡಿ ಜರ್ಮನಿಯಿಂದ ಒಂದು ಹುರಿ ಯಂತ್ರ ತರಿಸಲು ಗೊತ್ತು ಮಾಡಿದ. ಅದನ್ನು ನಡೆಸುವುದು, ಕೆಟ್ಟರೆ ಬಿಚ್ಚಿ ಕಟ್ಟುವುದು, ಇದನ್ನೆಲ್ಲ ಅಲ್ಲಿಯ ಕಾರ್ಖಾನೆಯಲ್ಲೇ ನಿಂತು ಕಲಿತು ಬರಬೇಕಿತ್ತು. ಅಣ್ಣನಿಗೆ ಅಂಗಡಿ ಬಿಡುವ ಹಾಗಿರಲಿಲ್ಲ. ನನಗೆ ಹೈಸ್ಕೂಲಿನ ಇಂಗ್ಲಿಷ್ ಬರುತ್ತಿತ್ತು. ಅಷ್ಟಕ್ಕೇ ನಾನು ವಿದೇಶಕ್ಕೆ ಹೊರಡುವವನಾದೆ.

ಹೊರಡುವ ದಿನ ಅವ್ವ ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳಿದಳು: “ನೋಡ್ಲಾ ನಂಜುಂಡ, ಮಾಂಸ ಬೇಯ್ಸಿದ ಪಾತ್ರೇಲಿ ಉಣ್ಬ್ಯಾಡ. ಯಾರ ಎಂಜಲೂ ಮುಟ್ಬ್ಯಾಡ. ಲಿಂಗದ ಕರಡಿಗೆಯ ಕತ್ನಿಂದ ತಗೀಬ್ಯಾಡ.”

“ಆಯ್ತು ಕಣವ್ವಾ.”

“ಆಯ್ತು ಅನ್ನೋದಲ್ಲ, ಮಾದಪ್ಪನ್ನ ನೆನುಸ್ಕಂಡು ಹೇಳು.”

ಹೇಳಿದೆ. ಬೀರಿನ ಮಾತನ್ನು ಅವಳು ಎತ್ತಲಿಲ್ಲ, ಯಾಕೆಂದರೆ ಅಂಥದೊಂದು ಲೋಕದಲ್ಲಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಇದನ್ನು ಆಮೇಲೆ ನಾನು ಒಳ್ಳೇ ವಕೀಲನ ಹಾಗೆ ನನ್ನ ಅನುಕೂಲಕ್ಕೆ ಬಳಸಿಕೊಂಡೆ.

ನನ್ನ ಹೆಂಡತಿ ಗೌರಮ್ಮ ಯಳಂದೂರಿನ ಹತ್ತಿರದ ಹೊನ್ನೂರಿನವಳು. ಅವಳದು ಬೇರೆ ಚಿಂತೆ. “ಅಷ್ಟು ದೂರ ಓಯ್ತಿದ್ದೀರಲ್ಲ, ಅಲ್ಲಿ ನಿಮ್ಗೆ ಮಾತಾಡಾಕೆ ಯಾರವ್ರೆ?” ಎಂದು ಕೇಳಿದಳು.

“ಯಂತ್ರ ಅದೆ ಬುಡು” ಎಂದು ತಮಾಷೆ ಮಾಡಿ ಬಂಡಿ ಹತ್ತಿದೆ.

ಹಡಗು, ರೈಲು

ನೀರು ಎತ್ತಿ ಕುಡಿಯುವುದು ನಮಗೆ ಹುಟ್ಟಿನಿಂದ ಬಂದದ್ದು. ಚೊಂಬಿಗೆ ತುಟಿ ತಾಕಿಸಿದರೆ ಎಂಜಲು. ಮೇಲೆತ್ತಿ ಧಾರೆ ಕಟ್ಟಿ ಗಂಟಲಿಗೆ ಬಿಟ್ಟುಕೊಂಡರೆ ಆ ಚೊಂಬನ್ನು ಮುಂದಿನವರೂ ಮುಟ್ಟಬಹುದು. ಬೊಂಬಾಯಿ ಬಿಟ್ಟ ಮರುದಿನ, ಹಡಗು ಹೊಯ್ದಾಡುವಾಗ, ಊಟದ ಮೇಜಿನಲ್ಲಿ ನಾನು ಲೋಟ ಎತ್ತಿದೆ. ಹಡಗು ಒಂದು ಕಡೆ ವಾಲಿತು, ಧಾರೆ ಇನ್ನೊಂದು ಕಡೆ ಹೋಯಿತು. ಅಣ್ಣ ಮೈಸೂರಿನಲ್ಲಿ ಹೊಲಿಸಿಕೊಟ್ಟಿದ್ದ ಕೋಟಿನ ಒಳಗೆಲ್ಲ ನೀರು. ಎದುರಿಗಿದ್ದ ದೊರೆಸಾನಿ ತನ್ನ ಕರವಸ್ತ್ರ ಕೊಟ್ಟಳು. ಆವತ್ತಿನಿಂದ ಇಟಲಿ ಬರುವವರೆಗೆ ನಾನು ಮೂಲೆಯ ಗೋಡೆಗೆ ಬೆನ್ನು ಆನಿಸಿ ನಿಂತೇ ನೀರು ಕುಡಿದೆ. ಅಭ್ಯಾಸ ಮಾತ್ರ ಬಿಡಲಿಲ್ಲ.

ಇಟಲಿಯಿಂದ ರೈಲು. ಆ ದೇಶಗಳಲ್ಲಿ ಡಬ್ಬಿಗೆ ಹತ್ತಿದವರು ಕೂತವರಿಗೆಲ್ಲ ನಮಸ್ಕಾರದ ಮಾತು ಹೇಳುತ್ತಾರೆ. ನಾನು ಖುಷಿಪಟ್ಟು, ಸರಿ ಇನ್ನು ಮಾತು ಶುರುವಾಯಿತು ಎಂದು ಮುಂದಕ್ಕೆ ಬಾಗಿ ಕೂತೆ. ಅವರು ಪೇಪರು ಬಿಡಿಸಿದರು. ಮತ್ತೆ ಇಳಿಯುವಾಗಲೇ ಬಾಯಿ ಬಿಟ್ಟದ್ದು, ಹೋಗಿ ಬರುತ್ತೇವೆ ಎನ್ನಲು. ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸು ಹತ್ತಿದರೆ, ಅಗರ ದಾಟುವಷ್ಟರಲ್ಲಿ ಪಕ್ಕದವನಿಗೆ ನಿಮ್ಮ ಸೋದರತ್ತೆಯ ಮಗಳ ಮದುವೆ ಎಲ್ಲಿಗೆ ಬಂತು ಎಂಬುದು ಗೊತ್ತಾಗಿರುತ್ತದೆ. ಇಲ್ಲಿ ಮೂರು ದೇಶ ದಾಟಿದರೂ ನನ್ನ ಹೆಸರು ಯಾರಿಗೂ ಬೇಕಾಗಲಿಲ್ಲ. ಕಿಟಕಿಯಾಚೆ ಕೆಲವು ಊರುಗಳಲ್ಲಿ ಬಾಂಬಿಗೆ ಸಿಕ್ಕಿದ ಮನೆಗಳು ಇನ್ನೂ ಸೂರಿಲ್ಲದೆ ನಿಂತಿದ್ದವು. ಅವುಗಳ ಮುಂದೆಯೇ ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು.

ವಿಲ್ಕೆಯವರ ಮನೆ

ನಾನು ಇಳಿದ ಊರಿನ ಹೆಸರು ಬಹಳ ಉದ್ದ. ಬರೆದರೂ ನೀವು ಓದುವುದಿಲ್ಲ, ಓದಿದರೂ ಅದು ಸರಿಯಿರುವುದಿಲ್ಲ. ಒಂದು ನದಿ, ಒಂದು ಯಂತ್ರದ ಕಾರ್ಖಾನೆ, ಒಂದು ಬೀರು ಕಾರ್ಖಾನೆ, ಅಷ್ಟೇ ಊರು. ನನ್ನನ್ನು ಇರಿಸಿದ್ದು ವಿಲ್ಕೆ ಎಂಬುವರ ಮನೆಯ ಮಹಡಿಯಲ್ಲಿ. ವಿಲ್ಕೆ ಅರವತ್ತು ದಾಟಿದವರು, ಹೆಂಡತಿ ತೀರಿಕೊಂಡವರು, ಮಕ್ಕಳಿಲ್ಲ. ಬೀರು ಕಾರ್ಖಾನೆಯ ನೆಲಮಾಳಿಗೆಯ ಯಜಮಾನಿಕೆ ಅವರದು. ಮೊದಲನೇ ಯುದ್ಧದಲ್ಲಿ ಇಂಗ್ಲಿಷರ ಸೆರೆಯಲ್ಲಿದ್ದು ಸ್ವಲ್ಪ ಇಂಗ್ಲಿಷ್ ಕಲಿತಿದ್ದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ಜಗಳಕ್ಕೆ ಅವಕಾಶವಿರಲಿಲ್ಲ.

ಮಾಂಸದ ಪಾತ್ರೆಯ ವಿಷಯ ಹೇಳಲು ನನಗೆ ಸಂಕೋಚ. ಹೇಗೋ ಹೇಳಿದೆ. ಅವರು ಕಪಾಟಿನಿಂದ ಒಂದು ಸಣ್ಣ ಬಿಳಿ ಪಾತ್ರೆ ತೆಗೆದು, “ಇದರಲ್ಲಿ ನನ್ನ ಹೆಂಡತಿ ಮಾರ್ತಾ ಹಾಲು ಮಾತ್ರ ಕಾಯಿಸುತ್ತಿದ್ದಳು” ಎಂದು ಹೇಳಿ, ಅಡಿಗೆಮನೆಯ ಗೋಡೆಗೆ ಬೇರೆ ಮೊಳೆ ಹೊಡೆದು ತೂಗುಹಾಕಿದರು. ಅದರಲ್ಲೇ ನನ್ನ ಆಲೂಗೆಡ್ಡೆ, ಕೋಸು, ಅಕ್ಕಿ ಸಿಕ್ಕ ದಿನ ಅನ್ನ. ಬ್ರೆಡ್ಡಿಗೆ ಅವರು ಸವರುತ್ತಿದ್ದದ್ದು ಬೆಣ್ಣೆಯಲ್ಲ, ಯುದ್ಧದ ಕಾಲದಲ್ಲಿ ಅಭ್ಯಾಸವಾದ, ಎಣ್ಣೆಯಿಂದ ಮಾಡಿದ ಒಂದು ಹಳದಿ ಮುದ್ದೆ. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ಕಾರ್ಖಾನೆಯಲ್ಲಿ ದಿನವಿಡೀ ಯಂತ್ರದ ಮುಂದೆ ನಿಲ್ಲುತ್ತಿದ್ದೆ. ಕಲಿಸುವವನು ಕೈಸನ್ನೆಯಲ್ಲೇ ಎಲ್ಲ ಹೇಳುತ್ತಿದ್ದ. ಒಂದು ದಿನ ಎಳೆ ತುಂಡಾದಾಗ ನನ್ನ ಬಾಯಿಂದ ತಾನಾಗಿ ಬಂತು: “ಯಾಕವ್ವಾ, ಏನಾಯ್ತು ನಿಂಗೆ?” ಸುತ್ತ ಇದ್ದವರು ತಿರುಗಿ ನೋಡಿದರು. ಗೌರಮ್ಮನಿಗೆ ಹೇಳಿದ ತಮಾಷೆ ನೆನಪಾಯಿತು. ಆಮೇಲೆ ನಾಚಿಕೆ ಬಿಟ್ಟು ಯಂತ್ರದ ಜೊತೆ ಮಾತಾಡತೊಡಗಿದೆ. ಕನ್ನಡ ಆಡಲು ನನಗೆ ಇನ್ನೆಲ್ಲೂ ಜಾಗವಿರಲಿಲ್ಲ.

ಭಾನುವಾರ ಇನ್ನೂ ಕಷ್ಟ. ಅಂಗಡಿಗಳೆಲ್ಲ ಮುಚ್ಚಿ, ಜನ ಒಳ್ಳೆಯ ಬಟ್ಟೆ ತೊಟ್ಟು ಮೆಲ್ಲಗೆ ನಡೆಯುತ್ತಿದ್ದರು. ಎದುರು ಬಂದವರು ಹ್ಯಾಟು ಮುಟ್ಟಿ ಮುಂದೆ ಹೋಗುತ್ತಿದ್ದರು. ಕೆಟ್ಟದಾಗಿ ನಡೆಸಿಕೊಂಡವರು ಒಬ್ಬರೂ ಇಲ್ಲ. ಹತ್ತಿರಕ್ಕೆ ಕರೆದವರೂ ಇಲ್ಲ. ನಾನು ನದಿಯ ಸೇತುವೆಯವರೆಗೆ ಹೋಗಿ, ಹಿಂದಕ್ಕೆ ಬಂದು, ಕೋಟು ಬಿಚ್ಚದೆ ಮಂಚದ ಮೇಲೆ ಕೂರುತ್ತಿದ್ದೆ. ಮನೆಯ ನೆನಪಾಗಿ ಅಳು ಬರುತ್ತಿತ್ತು, ಹೆಂಡತಿ ಮಕ್ಕಳಿರುವ ಗಂಡಸು ಅಳಬಾರದೆಂದು ಸುಮ್ಮನಾಗುತ್ತಿದ್ದೆ.

ಒಂದು ಬೆಳಿಗ್ಗೆ ಅಡಿಗೆಮನೆಯ ನೀರು ಕುಡಿದು, “ಇದು ನಿನ್ನೆಯ ನೀರಲ್ಲ” ಎಂದೆ. ನಮ್ಮ ಕಸುಬಿನಲ್ಲಿ ನೂಲು ತೊಳೆಯುವ ನೀರನ್ನು ನಾಲಿಗೆಗೆ ಹಾಕಿ ನೋಡುವುದು ರೂಢಿ. ಚೌಳು ನೀರಾದರೆ ರೇಷ್ಮೆಯ ಹೊಳಪು ಹೋಗುತ್ತದೆ. ವಿಲ್ಕೆ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟು ನನ್ನನ್ನು ನೋಡಿದರು. ಊರಿನ ಕೊಳಾಯಿ ರಿಪೇರಿಗಾಗಿ ಹಿಂದಿನ ಸಂಜೆ ಬೇರೆ ಬಾವಿಯ ನೀರು ತಿರುಗಿಸಿದ್ದರಂತೆ.

“ನಾವು ಮಾಡುವ ಪಿಲ್ಸ್ನರ್ ಬೀರು ಎಂದರೆ ಬಹುಪಾಲು ನೀರೇ” ಎಂದರು. “ಮೆದು ನೀರಿಲ್ಲದಿದ್ದರೆ ಅದು ಆಗುವುದಿಲ್ಲ.” ಮತ್ತೆ ಬ್ರೆಡ್ಡನ್ನು ಕೈಗೆತ್ತಿಕೊಂಡು, “ಭಾನುವಾರ ನನ್ನ ಜೊತೆ ಬನ್ನಿ. ನನ್ನ ನೆಲಮಾಳಿಗೆ ತೋರಿಸುತ್ತೇನೆ” ಎಂದರು.

ಆ ದೇಶಕ್ಕೆ ಬಂದ ಮೇಲೆ ನನ್ನನ್ನು ಒಬ್ಬರು ಬಾ ಎಂದು ಕರೆದದ್ದು ಅದೇ ಮೊದಲು. ನರಕಕ್ಕೆ ಕರೆದಿದ್ದರೂ ಹೋಗುತ್ತಿದ್ದೆ.

ಮಾಳಿಗೆಗೆ ಇಳಿದ ಭಾನುವಾರ

ಬೀರು ಕಾರ್ಖಾನೆಯ ಬಾಗಿಲಲ್ಲಿ ನನಗೆ ಬಡಿದದ್ದು ಮೊಳಕೆ ರಾಗಿ ಹುರಿದ ವಾಸನೆ. ಅಲ್ಲಿ ಬಾರ್ಲಿಯನ್ನು ಮೊಳಕೆ ಕಟ್ಟಿಸಿ ಒಣಗಿಸುತ್ತಾರೆ. ಅದಕ್ಕೆ ಕಹಿಗಾಗಿ ಒಂದು ಬಳ್ಳಿಯ ಹಸಿರು ಹೂವು ಸೇರಿಸುತ್ತಾರೆ. ಉಜ್ಜಿ ಮೂಸಿದರೆ ಒಣಹುಲ್ಲು, ನಿಂಬೆ ಸಿಪ್ಪೆ ಎರಡರ ವಾಸನೆಯೂ ಇರುತ್ತದೆ. ಬೇಯಿಸಿ ಹುಳಿ ಬರಿಸಿದ ಮೇಲೆ ಎಲ್ಲವೂ ಮಾಳಿಗೆಗೆ ಇಳಿದು, ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಚಳಿಯಲ್ಲಿ ಮಲಗುತ್ತದೆ. ಯಾವ ತೊಟ್ಟಿ ಪಕ್ವವಾಯಿತು, ಯಾವುದು ಇನ್ನೂ ಮಲಗಬೇಕು ಎಂದು ಹೇಳುವುದೇ ವಿಲ್ಕೆಯವರ ಕೆಲಸ.

ರಜಾದಿನವಾದ್ದರಿಂದ ಕೆಳಗೆ ನಾವಿಬ್ಬರೇ. ಗೋಡೆಗಳಿಂದ ನೀರು ಜಿನುಗುತ್ತಿತ್ತು. ವಿಲ್ಕೆ ಒಂದು ತೊಟ್ಟಿಯ ಪಕ್ಕದ ಪುಟ್ಟ ನಲ್ಲಿ ತಿರುಗಿಸಿ ಒಂದು ಲೋಟ ಹಿಡಿದರು. ದೀಪಕ್ಕೆ ಎತ್ತಿ ನೋಡಿದರು, ಮೂಸಿದರು, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಆಮೇಲೆ ಅದೇ ಲೋಟವನ್ನು ನನ್ನ ಕಡೆ ಚಾಚಿದರು.

ನನಗೆ ಬೀರಿನ ಭಯ ಆಮೇಲೆ ಬಂತು, ಮೊದಲು ಬಂದದ್ದು ಎಂಜಲಿನ ಭಯ. ಮಾದಪ್ಪನನ್ನು ನೆನೆದು ಒಪ್ಪಿಕೊಂಡಿದ್ದ ಮಾತು. ಬೇಡವೆಂದರೆ ಕರೆದ ಮನುಷ್ಯನಿಗೆ ಬೇಜಾರು. ಹೆಚ್ಚು ಯೋಚನೆ ಮಾಡದೆ, ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದೆ. ಲೋಟವನ್ನು ತಲೆಯ ಮೇಲೆತ್ತಿ, ಬಾಯಿ ತೆರೆದು, ಬೀರನ್ನು ಧಾರೆಯಾಗಿ ಬಿಟ್ಟುಕೊಂಡೆ.

ಬೀರು ನೀರಲ್ಲ ಎಂಬುದು ಆಗ ಗೊತ್ತಾಯಿತು. ಗಂಟಲಿಗೆ ಇಳಿಯುವ ಮೊದಲೇ ಅದು ನೊರೆಯಾಗಿ ಉಬ್ಬಿ, ಮೂಗಿನಿಂದ ಹೊರಗೆ ಬಂದು, ಮೀಸೆಯಿಂದ ಕತ್ತಿನವರೆಗೆ ಹರಿಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ವಿಲ್ಕೆ ಬೆನ್ನು ತಟ್ಟಿದರು. ಅವರ ಮುಖದಲ್ಲಿದ್ದ ಆಶ್ಚರ್ಯವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಕೆಮ್ಮು ನಿಂತ ಮೇಲೆ ಮೂಗಿನೊಳಗೆ ಉಳಿದದ್ದು ಒಂದು ವಾಸನೆ. ಬೆಣ್ಣೆ! ಆಗ ತಾನೇ ಮೊಸರು ಕಡೆದು ತೆಗೆದ ಬೆಣ್ಣೆ. ನಮ್ಮ ಮನೆಗೆ ಹನೂರಿನ ಕಡೆಯ ಹೆಂಗಸೊಬ್ಬಳು ಬಾಳೆಲೆಯಲ್ಲಿ ಸುತ್ತಿ ಬೆಣ್ಣೆ ತರುತ್ತಾಳೆ. ಅವ್ವ ಅದನ್ನು ಒಲೆಯ ಮೇಲಿಟ್ಟು ಮೂಗಿನಿಂದಲೇ ಕಾಯಿಸುತ್ತಾಳೆ. ಹಸಿ ವಾಸನೆ ಹೋಯಿತು, ತುಪ್ಪದ ವಾಸನೆ ಬಂತು ಎಂಬ ಗಳಿಗೆ ಅವಳಿಗೆ ಹಿತ್ತಲಲ್ಲಿದ್ದರೂ ತಿಳಿಯುತ್ತದೆ. ಬೀದಿಯವರೆಲ್ಲ, “ಅಮ್ಮೋ, ವಸಿ ಬಂದು ನೋಡಿ, ಆಯ್ತಾ?” ಎಂದು ಅವಳನ್ನೇ ಕರೆಯುತ್ತಾರೆ. ಆ ತಣ್ಣನೆಯ ಮಾಳಿಗೆಯಲ್ಲಿ, ಆ ಪರದೇಶಿ ತೊಟ್ಟಿಗಳ ನಡುವೆ, ನಮ್ಮ ಅಡಿಗೆಮನೆ ನನ್ನ ಮುಂದೆ ಬಂದು ನಿಂತಿತು.

“ಬಟರ್!” ಎಂದು ಕೂಗಿದೆ. “ಫ್ರೆಶ್ ಬಟರ್! ವೆರಿ ಗುಡ್!” ಎದೆ ಮುಟ್ಟಿಕೊಂಡು ಮತ್ತೆ ಮತ್ತೆ ಹೇಳಿದೆ. ಒಬ್ಬರ ಕೈಕೆಲಸವನ್ನು ಅದಕ್ಕಿಂತ ಹೆಚ್ಚಾಗಿ ಹೊಗಳುವುದು ನನಗೆ ಗೊತ್ತಿಲ್ಲ.

ವಿಲ್ಕೆಯವರ ಮುಖ ಸುಣ್ಣದ ಹಾಗಾಯಿತು. ಲೋಟದಲ್ಲಿ ಉಳಿದದ್ದನ್ನು ನೆಲಕ್ಕೆ ಚೆಲ್ಲಿ, ನಲ್ಲಿ ಒರೆಸಿ, ಮೆಟ್ಟಿಲು ಹತ್ತಿದರು. ಮನೆಯವರೆಗೆ ಒಂದು ಮಾತೂ ಆಡಲಿಲ್ಲ.

ಮಾತಿಲ್ಲದ ವಾರ

ತಪ್ಪು ಎಲ್ಲಾಯಿತೆಂದು ನನಗೆ ಗೊತ್ತೇ ಇತ್ತು: ಲೋಟ ಎತ್ತಿ ಕುಡಿದದ್ದು. ತನ್ನ ತುಟಿ ಇವನಿಗೆ ಅಸಹ್ಯವಾಯಿತು ಎಂದು ಅವರು ತಿಳಿದರು, ಅಷ್ಟೇ. ಅದು ಅಸಹ್ಯವಲ್ಲ, ನಮ್ಮ ಕಡೆ ಅದು ಮರ್ಯಾದೆ ಎಂದು ಹೇಳಲು ಇಂಗ್ಲಿಷಿನಲ್ಲಿ ಎರಡು ವಾಕ್ಯ ಜೋಡಿಸಿಕೊಂಡು ಅಡಿಗೆಮನೆಗೆ ಹೋದೆ. ವಿಲ್ಕೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನನ್ನ ವಾಕ್ಯಗಳನ್ನು ಕೇಳಿ ತಲೆಯಾಡಿಸಿದರು. ತಿರುಗಿ ನೋಡಲಿಲ್ಲ.

ಆ ವಾರದಷ್ಟು ಒಂಟಿತನವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಕರೆದವರು ಯಾರೂ ಇಲ್ಲದಿದ್ದಾಗ ಹೇಗೋ ಇದ್ದೆ. ಒಬ್ಬರು ಕರೆದು ಬಾಗಿಲು ಮುಚ್ಚಿಕೊಂಡ ಮೇಲೆ ಇರಲಾಗಲಿಲ್ಲ. ಬೆಳಿಗ್ಗೆ ನನ್ನ ಬಿಳಿ ಪಾತ್ರೆ ತೊಳೆದು ಮೊಳೆಗೆ ತೂಗುಹಾಕುವಾಗ ಅದರ ಸದ್ದೇ ಮನೆಯಲ್ಲೆಲ್ಲ ಕೇಳುತ್ತಿತ್ತು. ಬೇರೆ ಮನೆ ಕೊಡಿಸಿ ಎಂದು ಕಾರ್ಖಾನೆಯವರನ್ನು ಕೇಳಿಬಿಡೋಣ ಎನಿಸಿತು. ಅಣ್ಣನಿಗೆ ಬರೆದು ವಾಪಸು ಬಂದುಬಿಡೋಣ ಎಂದೂ ಅನಿಸಿತು. ಯಂತ್ರಕ್ಕೆ ಇದನ್ನೆಲ್ಲ ಹೇಳಿದೆ. ಅದು ತನ್ನ ಪಾಡಿಗೆ ಸುತ್ತುತ್ತಿತ್ತು.

ಶನಿವಾರ ಸಂಜೆ ವಿಲ್ಕೆ ನನ್ನ ಎದುರು ಕುರ್ಚಿ ಎಳೆದು ಕೂತರು. ಅವರ ಇಂಗ್ಲಿಷನ್ನು ನನಗೆ ಅರ್ಥವಾದ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ.

“ಲೋಟ ಎತ್ತಿ ಕುಡಿದದ್ದಕ್ಕೆ ನನಗೆ ಕೋಪವಿಲ್ಲ. ಅದನ್ನು ಮರೆತುಬಿಡಿ. ಬೆಣ್ಣೆ ಎಂದಿರಲ್ಲ, ಅದು ನಿಜವೇ?”

“ನಿಜ. ತುಂಬ ಚೆನ್ನಾಗಿತ್ತು.”

“ಪಿಲ್ಸ್ನರ್‌ನಲ್ಲಿ ಬೆಣ್ಣೆ ಇರಬಾರದು. ಅದು ಹಸಿ ಬೀರಿನ ಗುರುತು. ತೊಟ್ಟಿ ಇನ್ನೂ ಮಲಗಬೇಕು ಎಂದು ಅರ್ಥ.”

ನಾನು ಹೊಗಳಿದ್ದು ಅವರಿಗೆ ಎಂಥ ಏಟಾಗಿ ಬಿದ್ದಿತು ಎಂದು ಆಗ ತಿಳಿಯಿತು. ಆದರೆ ಅವರು ಮುಂದೆ ಹೇಳಿದ್ದು ಅದಕ್ಕಿಂತ ದೊಡ್ಡದು.

“ನನಗೆ ಬೆಣ್ಣೆಯ ವಾಸನೆ ಗೊತ್ತಾಗುವುದಿಲ್ಲ. ಈಗ ಮಾತ್ರವಲ್ಲ, ಎಂದೂ ಗೊತ್ತಾಗಿಲ್ಲ. ಕಹಿ ಹೇಳುತ್ತೇನೆ, ಹುಳಿ ಹೇಳುತ್ತೇನೆ, ನೀರು ಹೇಳುತ್ತೇನೆ. ಇದೊಂದು ನನ್ನ ಮೂಗಿಗೆ ಇಲ್ಲವೇ ಇಲ್ಲ. ಭಾನುವಾರ ಮಾಳಿಗೆಯಲ್ಲಿ ಯಾರೂ ಇಲ್ಲದಾಗ ಮಾರ್ತಾ ನನಗೆ ಬ್ರೆಡ್ಡು ತರುತ್ತಿದ್ದಳು. ಒಂದು ಗುಟುಕು ಕುಡಿದು, ಇದೆ, ಇಲ್ಲ, ಎಂದು ಹೇಳಿ ಹೋಗುತ್ತಿದ್ದಳು. ಮದುವೆಯಾದ ವರ್ಷದಿಂದ ಹೀಗೇ ನಡೆಯಿತು. ಯಾರಿಗೂ ಗೊತ್ತಿಲ್ಲ.”

ಆಕೆ ಹೋದ ಮೇಲೆ ಅವರು ಊಹೆಯ ಮೇಲೆಯೇ ತೊಟ್ಟಿಗಳನ್ನು ಬಿಡುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ಹೋಟೆಲಿನವರು ಪೀಪಾಯಿಗಳನ್ನು ವಾಪಸು ಕಳಿಸಿದ್ದರು. ಇನ್ನೊಮ್ಮೆ ಹೀಗಾದರೆ ಮಾಳಿಗೆಯನ್ನು ಬೇರೆಯವರಿಗೆ ವಹಿಸುವುದಾಗಿ ಕಾರ್ಖಾನೆಯ ಹೊಸ ಡೈರೆಕ್ಟರು ಹೇಳಿದ್ದ. ನಾನು ಬೆಣ್ಣೆ ಎಂದು ಕೂಗಿದ ತೊಟ್ಟಿಯನ್ನು ಮರುದಿನವೇ ಪೀಪಾಯಿಗೆ ಬಿಡುವುದಿತ್ತು. ಅದನ್ನು ತಡೆದು ಅವರು ಆ ವಾರವಿಡೀ ತಲೆ ಕೆಡಿಸಿಕೊಂಡಿದ್ದರು.

“ಆ ಮಾಳಿಗೆ ಬಿಟ್ಟರೆ ನನಗೆ ಬೇರೆ ಏನೂ ಇಲ್ಲ” ಎಂದರು. “ಭಾನುವಾರ ಬರುತ್ತೀರಾ?”

ಬರುತ್ತೇನೆ ಎಂದೆ. ಅವರ ಕಷ್ಟ ಕೇಳಿ ಮರುಕಪಟ್ಟೆ ಎಂದು ಬರೆದರೆ ಅರ್ಧ ನಿಜ. ನನ್ನಿಂದ ಒಬ್ಬರಿಗೆ ಏನೋ ಬೇಕಾಗಿದೆ ಎಂಬ ಸಂತೋಷವೇ ಹೆಚ್ಚಾಗಿತ್ತು. ವಿಲ್ಕೆ ಎದ್ದು ಕಪಾಟು ತೆರೆದು ಒಂದು ಗಾಜಿನ ಲೋಟ ತೆಗೆದು, ತೊಳೆದು, ನನ್ನ ಮುಂದಿಟ್ಟರು. “ಇದು ನಿಮ್ಮದು. ನಾನು ಮುಟ್ಟುವುದಿಲ್ಲ. ಆದರೆ ದಯವಿಟ್ಟು ಮೇಲಿನಿಂದ ಸುರಿದುಕೊಳ್ಳಬೇಡಿ” ಎಂದರು.

ಬೆಣ್ಣೆಯ ಭಾನುವಾರಗಳು

ಹೀಗೆ ಕೊಳ್ಳೇಗಾಲದ ಲಿಂಗವಂತರ ಮನೆಯ ನಂಜುಂಡ ಬೀರು ಪರೀಕ್ಷಕನಾದ. ಕಲಿಸಿದ್ದು ವಿಲ್ಕೆ. ಮೊದಲು ಬೆಳಕಿಗೆ ಹಿಡಿ. ಮಾಳಿಗೆಯ ಬೀರು ಸ್ವಲ್ಪ ಮಂಜಾಗಿಯೇ ಇರುತ್ತದೆ, ಹೊರಗೆ ಬರುವಾಗ ತಿಳಿಯಾಗುತ್ತದೆ. ಆಮೇಲೆ ಅಂಗೈಯಿಂದ ಲೋಟ ಬೆಚ್ಚಗೆ ಮಾಡಿ ಮೂಸು. ಆಮೇಲೆ ಗುಟುಕು. ಉಗಿಯುವ ಹಾಗಿಲ್ಲ, ಕಹಿಯ ಬೆಲೆ ತಿಳಿಯುವುದು ಗಂಟಲ ತುದಿಯಲ್ಲಿ. ನಾನು ಉಗಿಯಲು ಕೇಳಿದ್ದೆ, ಅದಕ್ಕೆ ಈ ಉತ್ತರ ಬಂತು. ಅವ್ವ ಬೀರಿನ ಮಾತೆತ್ತಿರಲಿಲ್ಲ ಎಂಬುದನ್ನು ನೆನಪು ಮಾಡಿಕೊಂಡು ನುಂಗಿದೆ.

ಆ ಕಹಿ ನಮ್ಮ ಹಾಗಲದ ಕಹಿಯಲ್ಲ. ಹಾಗಲ ನಾಲಿಗೆಯ ಮೇಲೆ ಬೀಡುಬಿಟ್ಟು ಕೂರುತ್ತದೆ. ಇದು ಯುಗಾದಿಯ ಬೇವಿನ ಹೂವಿನ ಹಾಗೆ, ಬಂತು ಎನ್ನುವಷ್ಟರಲ್ಲಿ ಬಾಯಿ ಚೊಕ್ಕ ಮಾಡಿ ಹೋಗುತ್ತದೆ. ಅದರ ಹಿಂದೆ ಮೊಳಕೆ ಕಾಳಿನ ಸಣ್ಣ ಸಿಹಿ. ಅದರ ಹಿಂದೆ, ಮೆಲ್ಲಗೆ, ನನ್ನ ಬೆಣ್ಣೆ.

“ಬುಟ್ಟರ್?” ಎಂದು ವಿಲ್ಕೆ ತಮ್ಮ ಭಾಷೆಯಲ್ಲಿ ಕೇಳುತ್ತಿದ್ದರು. ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಒಂದು ಸಲ ಕೇಳಿದರು, ಹೇಳಿಕೊಟ್ಟೆ. ಮುಂದಿನ ಭಾನುವಾರದಿಂದ “ಬೆಣ್ಣೆ?” ಎಂದೇ ಕೇಳತೊಡಗಿದರು. ಅವರ ಬಾಯಲ್ಲಿ ಅದು ಸ್ವಲ್ಪ ಸೊಟ್ಟಗಾಗಿ ಬರುತ್ತಿತ್ತು. ಆದರೂ ಆ ದೇಶದಲ್ಲಿ ನನ್ನ ಬಾಯಿ ಬಿಟ್ಟು ಇನ್ನೊಂದು ಬಾಯಿಂದ ನಾನು ಕೇಳಿದ ಕನ್ನಡ ಅದೊಂದೇ ಮಾತು. ಅದನ್ನು ಕೇಳಲು ವಾರವೆಲ್ಲ ಕಾಯುತ್ತಿದ್ದೆ.

ನನ್ನ ಕಷ್ಟ ಏನೆಂದು ಈಗ ನಿಮಗೆ ಹೊಳೆದಿರಬಹುದು. ಬೆಣ್ಣೆ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿತ್ತು. ಮೊದಲು ಲೋಟ ಹತ್ತಿರ ತರುವಾಗಲೇ ಬರುತ್ತಿದ್ದದ್ದು, ಆಮೇಲೆ ಬೆಚ್ಚಗೆ ಮಾಡಿದರೆ ಬರುತ್ತಿತ್ತು, ಆಮೇಲೆ ನುಂಗಿದ ಮೇಲೆ ಮಾತ್ರ. ಅವರ ಬೀರು ಪಕ್ವವಾದಷ್ಟೂ ನನ್ನ ಮನೆ ಅದರಿಂದ ಹೊರಟುಹೋಗುತ್ತಿತ್ತು. ವಿಲ್ಕೆ ಆಸೆಯಿಂದ ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ನಾನು ಇದೆ ಎಂದಾಗ ಅವರ ಹೆಗಲು ಇಳಿಯುತ್ತಿತ್ತು, ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು.

ಒಂದು ಭಾನುವಾರ ಅದು ಇರಲಿಲ್ಲ. ಮೂಸಿದೆ, ಕುಡಿದೆ, ಮತ್ತೆ ಮೂಸಿದೆ. ಲೋಟವನ್ನು ಅಂಗೈಯಲ್ಲಿ ಬಹಳ ಹೊತ್ತು ಹಿಡಿದು ಬೆಚ್ಚಗೆ ಮಾಡಿ ನೋಡಿದೆ. ಕಹಿ, ಸಿಹಿ, ಚೊಕ್ಕ ನೀರು, ಅಷ್ಟೇ. ಇದೆ ಎಂದು ಹೇಳಿದ್ದರೆ ಇನ್ನೊಂದು ವಾರ ಸಿಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಎದುರಿಗೆ ನಿಂತ ಮನುಷ್ಯ ನನ್ನ ಮೂಗಿನ ಮೇಲೆ ತನ್ನ ಬದುಕನ್ನೇ ಇಟ್ಟಿದ್ದರು.

“ಬೆಣ್ಣೆ?”

“ಇಲ್ಲ” ಎಂದೆ. “ಹೋಯಿತು.”

ವಿಲ್ಕೆ ನನ್ನನ್ನು ಬಾಚಿ ತಬ್ಬಿಕೊಂಡರು. ನನಗೆ ಅಳು ಬಂತು, ಈ ಸಲ ತಡೆದುಕೊಳ್ಳಲಿಲ್ಲ. ಅವರು ಸಂತೋಷದ ಅಳು ಎಂದುಕೊಂಡು ಬೆನ್ನು ತಟ್ಟುತ್ತಲೇ ಇದ್ದರು.

ಹೋಟೆಲಿನ ಮೇಜು

ಆ ತೊಟ್ಟಿಯ ಮೊದಲ ಪೀಪಾಯಿ ಚೌಕದ ಹೋಟೆಲಿಗೆ ಹೋದ ದಿನ ವಿಲ್ಕೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಪ್ರತಿ ಗುಂಪಿಗೂ ಅವರದೇ ಮೇಜು. ಬೇರೆಯವರು ಅಲ್ಲಿ ಕೂರುವ ಹಾಗಿಲ್ಲ, ಖಾಲಿಯಿದ್ದರೂ ಇಲ್ಲ. ಬಂದವರು ಒಬ್ಬೊಬ್ಬರ ಕೈ ಕುಲುಕುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ, ಅದೇ ನಮಸ್ಕಾರ. ವಿಲ್ಕೆ ಕುಟ್ಟಿದರು, ನಾನೂ ಕುಟ್ಟಿದೆ. ಕೂತಿದ್ದವರು ನನ್ನನ್ನು ನೋಡಿ, ವಿಲ್ಕೆಯವರನ್ನು ನೋಡಿ, ಸ್ವಲ್ಪ ಸರಿದು ಜಾಗ ಮಾಡಿದರು.

ಪಿಲ್ಸ್ನರ್ ಸುರಿಯುವುದಕ್ಕೆ ಅವರಿಗೆ ಅವಸರವಿಲ್ಲ. ಅರ್ಧ ಸುರಿದು ಇಡುತ್ತಾರೆ, ನೊರೆ ಇಳಿದ ಮೇಲೆ ಇನ್ನಷ್ಟು, ಮತ್ತೆ ಕಾಯುವುದು, ಕೊನೆಗೆ ಬಿಳಿ ನೊರೆ ಲೋಟದ ಅಂಚಿನ ಮೇಲೆ ಗಟ್ಟಿಯಾಗಿ ನಿಲ್ಲಬೇಕು. ನಮ್ಮೂರಿನಲ್ಲಾದರೆ ಅಷ್ಟರಲ್ಲಿ ಗಿರಾಕಿ ಜಗಳವಾಡಿ ಎದ್ದು ಹೋಗಿರುತ್ತಿದ್ದ. ಬಣ್ಣ ಹೊಸ ಭತ್ತದ ಹುಲ್ಲಿನದು, ಆಚೆ ಕೂತವನ ಕೋಟಿನ ಗುಂಡಿ ಅದರೊಳಗಿಂದ ಕಾಣುವಷ್ಟು ತಿಳಿ. ಬೀರು ಹೇಗಿತ್ತೆಂದು ಕೇಳುವವರಿಗೆ ನನ್ನ ತೀರ್ಪು ಇಷ್ಟು: ಎಳ್ಳಷ್ಟೂ ದೋಷವಿರಲಿಲ್ಲ. ಅಂಥ ಶುಚಿಯಾದ ರುಚಿಯನ್ನು ನಾನು ಬೇರೆ ಯಾವುದರಲ್ಲೂ ಕಂಡಿಲ್ಲ. ಆದರೆ ನನಗೆ ಬೇಕಾದದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ. ಮೇಜಿನವರು ಕುಡಿದು, ಒಬ್ಬರನ್ನೊಬ್ಬರು ನೋಡಿ, ವಿಲ್ಕೆಯವರ ಕಡೆ ತಲೆಯಾಡಿಸಿದರು. ಅಷ್ಟು ಹೊತ್ತು ಲೋಟ ಮುಟ್ಟದೆ ಕೂತಿದ್ದ ವಿಲ್ಕೆ ಆಮೇಲೆ ತಮ್ಮದನ್ನು ಎತ್ತಿದರು.

ಕೆಲವು ದಿನಗಳಲ್ಲಿ ನನ್ನ ಕಲಿಕೆ ಮುಗಿಯಿತು. ಸ್ಟೇಷನ್ನಿಗೆ ಅವರೇ ಪೆಟ್ಟಿಗೆ ಹೊತ್ತು ಬಂದರು.

“ಮುಂದಿನ ತೊಟ್ಟಿ ತುಂಬಿಸಿದ್ದೇವೆ” ಎಂದರು.

“ಯಾರು ಮೂಸುತ್ತಾರೆ?”

ಅವರು ನಕ್ಕರು. “ನಿಮ್ಮೂರಿನಿಂದ ಭಾನುವಾರ ರೈಲಿದೆಯೇ?”

“ನಮ್ಮೂರಿಗೆ ರೈಲೇ ಇಲ್ಲ.”

ಇಬ್ಬರೂ ನಕ್ಕೆವು. ಗಾಡಿ ಹೊರಟಾಗ ಅವರು ಹ್ಯಾಟು ತೆಗೆದು, ತಮಗೆ ಬರುತ್ತಿದ್ದ ಒಂದೇ ಕನ್ನಡ ಮಾತನ್ನು ಗಟ್ಟಿಯಾಗಿ ಹೇಳಿದರು: “ಬೆಣ್ಣೆ!” ಪ್ಲಾಟ್‌ಫಾರಮ್ಮಿನ ಜನ ತಿರುಗಿ ನೋಡಿದರು. ಅವರು ಅಲ್ಲಿ ಒಬ್ಬರೇ ನಿಂತಿದ್ದರು.

ಮನೆ

ಮನೆಗೆ ಬಂದು ವಾರವಾಗಿರಲಿಲ್ಲ. ಹನೂರಿನ ಹೆಂಗಸು ಬೆಣ್ಣೆ ತಂದಿದ್ದಳು. ಅವ್ವ ಒಲೆಯ ಮೇಲಿಟ್ಟಿದ್ದಳು. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ನಾನು ಕೈಯಲ್ಲಿದ್ದ ನೂಲು ಸುತ್ತಿದ ಕಂಡಿಕೆ ಬಿಟ್ಟು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅಷ್ಟು ದೂರದಲ್ಲಿ ಯಾವುದಕ್ಕಾಗಿ ಹಂಬಲಿಸಿದ್ದೆನೋ ಅದು ಮನೆ ತುಂಬಾ ಇತ್ತು.

ಗೌರಮ್ಮ ನನ್ನನ್ನು ಪಕ್ಕಕ್ಕೆ ಎಳೆದು ಮೆಲ್ಲಗೆ ಹೇಳಿದಳು: “ನೀವು ಅಲ್ಲಿಗೆ ಓದ್ಮೇಲೆ ಅತ್ತೆ ತುಪ್ಪವ ಎಷ್ಟೋ ಸಲ ಸೀಸ್ಬುಟ್ರು. ನಾನು ಏನಾರ ಅಂದ್ರೆ ಸಿಟ್ಟು ಮಾಡ್ಕತಾರೆ. ಬೀದಿಯೋರೂ ಈಗ ಕರೆಯಾಕಿಲ್ಲ ಕಣ್ರಿ.”

ನಾನು ಒಳಗೆ ಹೋದೆ. ಅವ್ವ ಸೌಟು ಹಿಡಿದು ಒಲೆಯ ಮುಂದೆ ಬಾಗಿದ್ದಳು. ಹೆಜ್ಜೆ ಸದ್ದಿಗೆ ತಿರುಗಿ, ಸೊಸೆ ಹತ್ತಿರದಲ್ಲಿಲ್ಲ ಎಂದು ನೋಡಿಕೊಂಡು, ದನಿ ತಗ್ಗಿಸಿದಳು.

“ನಂಜುಂಡ, ಬಾ ಇಲ್ಲಿ. ಹಸಿ ವಾಸ್ನೆ ಓಯ್ತಾ ನೋಡ್ಲಾ.”

ಅವ್ವ ಈ ಮಾತನ್ನು ಅದಕ್ಕೆ ಮೊದಲು ಯಾರನ್ನೂ ಕೇಳಿದವಳಲ್ಲ. ನಾನು ಬಾಗಿ ಮೂಸಿದೆ.

“ಇನ್ನೂ ಅದೆ ಕಣವ್ವಾ. ವಸಿ ತಡಿ.”

ಅವಳು ಒಲೆಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ನಿಂತಳು. ಮಾಳಿಗೆಯಲ್ಲಿ ವಿಲ್ಕೆ ನಿಲ್ಲುತ್ತಿದ್ದದ್ದೂ ಹೀಗೆಯೇ. ಈಗ ಅವರು ಯಾರ ಮುಖ ನೋಡುತ್ತಾರೋ ಎಂದುಕೊಂಡೆ. ಬೆಣ್ಣೆಯ ಚಟಪಟ ಸದ್ದು ಮೆಲ್ಲಮೆಲ್ಲಗೆ ಅಡಗಿತು, ಹಸಿ ವಾಸನೆ ಸರಿದು ತುಪ್ಪದ ವಾಸನೆ ಎದ್ದಿತು.

“ಓಯ್ತು ಅವ್ವಾ. ಇಳ್ಸು.”

ಇಳಿಸಿದಳು. ಒಂದು ವೀಳ್ಯದೆಲೆ ಹರಿದು ಅದರೊಳಗೆ ಹಾಕಿದಳು. ನನ್ನ ಕಡೆ ನೋಡದೆ ಹೇಳಿದಳು: “ಬೆಣ್ಣೆ ಕಾಯ್ಸೋ ದಿನ ಎಲ್ಲೂ ಓಗ್ಬ್ಯಾಡ ಕಣ್ಲಾ ಮಗ.”

“ಓಗಾಕಿಲ್ಲ ಕಣವ್ವಾ” ಎಂದೆ.